ಎಮಿಟರ್ ಫಾಲೋವರ್ ಮತ್ತು ಅದರ ಪ್ರವಾಹವೃದ್ಧಿಯ ಲೆಕ್ಕ

ಮೂಡಬಿದಿರೆಯ ಕಂಬಳದ ಕರೆಯ ಬದಿಯಲ್ಲಾಗಲಿ, ಬೆಳ್ತಂಗಡಿ ಸೀಮೆಯ ಬಯಲಾಟದಲ್ಲಾಗಲಿ ಧ್ವನಿವರ್ಧಕದ ಸ್ವರವನ್ನು ಕೇಳದವರು ನಮ್ಮ ಪಾಲಕರಲ್ಲಿ ಇರಲಾರರು. ಅಂತಹ ಯಂತ್ರಗಳಲ್ಲಿ ಕೆಲಸಮಾಡುವ ಟ್ರಾನ್ಸಿಸ್ಟರ್ ಎಂಬ ಸಾಧನವು 1947ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಇದಕ್ಕಾಗಿ ಬಾರ್ಡೀನ್, ಬ್ರಾಟೈನ್, ಶಾಕ್ಲೀ ಎಂಬ ಮೂವರಿಗೆ 1956ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಟ್ರಾನ್ಸಿಸ್ಟರನ್ನು ಜೋಡಿಸುವ ಕ್ರಮಗಳಲ್ಲಿ ಎಮಿಟರ್ ಫಾಲೋವರ್ ಎಂಬುದು ಒಂದು. ನಮ್ಮ ವಿಜ್ಞಾನ ಸಂಘದ ಮೇಜಿನ ಮೇಲೆ ಅದು ನಮಗೇ ಕಲಿಸಿದ ಪಾಠವನ್ನು ಹಳೆ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದಿಡಬಯಸುತ್ತೇವೆ.

ಟ್ರಾನ್ಸಿಸ್ಟರಿಗೆ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ಕಾಲುಗಳುಂಟು. ಬಂಟವಾಳದ ಕಡೆಯ ಅಡಿಕೆ ತೋಟಗಳಲ್ಲಿ ತೋಡಿಗೆ ಕಟ್ಟ ಹಾಕುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಕಟ್ಟದ ಹಲಗೆಯನ್ನೆತ್ತುವ ಕೈಯ ಬಲವು ಅಲ್ಪ. ಅದರಿಂದ ಹರಿಯುವ ನೀರು ಬಹಳ. ಹಾಗೆಯೇ ಬೇಸಿಗೆ ಹೋಗುವ ಅಲ್ಪ ಪ್ರವಾಹವು ಕಲೆಕ್ಟರಿನ ದೊಡ್ಡ ಪ್ರವಾಹವನ್ನು ಆಳುತ್ತದೆ. ಇದು ಅದರ ಎಷ್ಟು ಮಡಿಯೋ ಆ ಸಂಖ್ಯೆಗೆ ಬೀಟಾ ಎಂದು ಹೆಸರು. ಎರಡು ಪ್ರವಾಹಗಳೂ ಕೂಡಿ ಎಮಿಟರಿನಲ್ಲಿ ಹೊರಬೀಳುವುದರಿಂದ, ಬೀಟಾ 100 ಆಗಿದ್ದರೆ ಎಮಿಟರಿನ ಪ್ರವಾಹವು ಬೇಸಿನದರ 101 ಮಡಿಯಾಗುತ್ತದೆ. ಎಮಿಟರಿನ ವೋಲ್ಟೇಜು ಬೇಸಿನದಕ್ಕಿಂತ ಸುಮಾರು 0.7 ವೋಲ್ಟು ಕೆಳಗಿದ್ದು ಅದನ್ನೇ ಹಿಂಬಾಲಿಸುತ್ತದೆ. ಆದುದರಿಂದಲೇ ಈ ಹೆಸರು. ಇಲ್ಲಿ ವೋಲ್ಟೇಜು ಹೆಚ್ಚುವುದಿಲ್ಲ, ಪ್ರವಾಹವು ಮಾತ್ರ ಹೆಚ್ಚುತ್ತದೆ.

ಕೆಲವು ವರ್ಷಗಳ ಕೆಳಗೆ ಒಬ್ಬ ವಿದ್ಯಾರ್ಥಿನಿಯು 9 ವೋಲ್ಟಿನ ಬ್ಯಾಟರಿಯಿಂದ ಇಂತಹ ಜೋಡಣೆಯನ್ನು ಮಾಡಿದಳು. ಬೇಸಿಗೆ 100 ಕಿಲೋ ಓಮಿನ ಎರಡು ರೆಸಿಸ್ಟರುಗಳು, ಎಮಿಟರಿಗೆ 1 ಕಿಲೋ ಓಮಿನದೊಂದು, ಕಂಡೆನ್ಸರಿನ ಮೂಲಕ ಹೊರೆಯಾಗಿ 1 ಕಿಲೋ ಓಮಿನ ಇನ್ನೊಂದು. ಅರ್ಧ ವೋಲ್ಟಿನ ಸಂಜ್ಞೆಯನ್ನು ಕೊಟ್ಟಾಗ ಒಳಬಂದ ಪ್ರವಾಹ ಸುಮಾರು 20 ಮೈಕ್ರೋ ಆಂಪಿಯರ್, ಹೊರೆಯಲ್ಲಿ ಹರಿದುದು ಸುಮಾರು 500. ವೃದ್ಧಿಯು 25 ಎಂದು ಆಕೆ ಬರೆದಳು. ನಾವು ಕೆಂಪು ಮಸಿಯಿಂದ ಗೆರೆಯೆಳೆದು, 101 ಆಗತಕ್ಕದ್ದೆಂದು ಬರೆದೆವು. ಮರುದಿನ ಆಕೆ 25ನ್ನು ಅಳಿಸಿ 101 ಎಂದು ಬರೆದು ತಂದಳು. ನಾವು ಸಹಿ ಹಾಕಿದೆವು.

ಆ ರಾತ್ರಿ ಸಾವಕಾಶವಾಗಿ ಲೆಕ್ಕ ಮಾಡಿದಾಗ ನಮಗೆ ನಾಚಿಕೆಯಾಯಿತು. ಅದು ಹೇಗೆಂದರೆ, ಒಳಬಂದ ಪ್ರವಾಹವೆಲ್ಲ ಬೇಸಿಗೆ ಸೇರುವುದಿಲ್ಲ. ಬೇಸಿನ ಎರಡು ರೆಸಿಸ್ಟರುಗಳು ಸಂಜ್ಞೆಯ ಮಟ್ಟಿಗೆ ಸಮಾನಾಂತರವಾಗಿ ನಿಂತು 50 ಕಿಲೋ ಓಮಿನ ಪಕ್ಕದ ದಾರಿಯಾಗುತ್ತವೆ. ಎಮಿಟರಿನ ರೆಸಿಸ್ಟರೂ ಹೊರೆಯೂ ಸಮಾನಾಂತರವಾಗಿ 500 ಓಮು. ಎಮಿಟರಿನಲ್ಲಿ ಪ್ರವಾಹವು 101 ಮಡಿ ಇರುವುದರಿಂದ, ಬೇಸಿನ ಕಡೆಯಿಂದ ನೋಡಿದರೆ ಆ 500 ಓಮು 101 ಮಡಿಯಾಗಿ, ಅಂದರೆ 50.5 ಕಿಲೋ ಓಮಾಗಿ ತೋರುತ್ತದೆ. ಎರಡು ದಾರಿಗಳೂ ಹೆಚ್ಚುಕಡಿಮೆ ಸಮವಾದುದರಿಂದ ಅರ್ಧಪಾಲು ಮಾತ್ರ ಬೇಸಿಗೆ ಸಲ್ಲುತ್ತದೆ. ಮುಂದೆ ಎಮಿಟರಿನಿಂದ ಹೊರಟುದರಲ್ಲಿಯೂ ಅರ್ಧವು ಎಮಿಟರಿನ ರೆಸಿಸ್ಟರಿನಲ್ಲಿ ಹೋಗಿ, ಉಳಿದರ್ಧವೇ ಹೊರೆಗೆ ಸಿಕ್ಕುತ್ತದೆ. 101ರ ಅರ್ಧದಲ್ಲಿ ಅರ್ಧವು ಸುಮಾರು 25. ತೋಡಿನ ನೀರು ನೆರೆಯವರ ತೋಟಕ್ಕೂ ತಿರುಗಿದ ಮೇಲೆ ನಮ್ಮ ತೋಟಕ್ಕೆ ಬಂದಷ್ಟೇ ನಮ್ಮದಲ್ಲವೇ?

ಆದುದರಿಂದ ಮೂರು ಸಂಖ್ಯೆಗಳನ್ನು ಗುಣಿಸತಕ್ಕದ್ದು: ಬೇಸಿಗೆ ಸೇರುವ ಪಾಲು, ಬೀಟಾಕ್ಕೆ ಒಂದು ಕೂಡಿದ ಸಂಖ್ಯೆ, ಹೊರೆಗೆ ಸಿಕ್ಕುವ ಪಾಲು. ಹೊರೆಯನ್ನು 100 ಓಮಿಗೆ ಇಳಿಸಿದರೆ ಎರಡು ಪಾಲುಗಳೂ ಹೆಚ್ಚಿ, ವೃದ್ಧಿಯು 75ನ್ನು ಮೀರುತ್ತದೆ. ಬೀಟಾ ಸಹ ಒಂದೇ ಹೆಸರಿನ ಎರಡು ಟ್ರಾನ್ಸಿಸ್ಟರುಗಳಲ್ಲಿ ಒಂದೇ ಆಗಿರುವುದಿಲ್ಲ. 101 ಎಂಬುದು ಸುಳ್ಳಲ್ಲ. ಅದು ಬೇಸಿನಿಂದ ಎಮಿಟರಿನವರೆಗಿನ ವೃದ್ಧಿ, ಇಡೀ ಜೋಡಣೆಯದಲ್ಲ.

ಮರುದಿನ ನಾವು ತರಗತಿಯ ಮುಂದೆ ನಮ್ಮ ತಪ್ಪನ್ನು ಹೇಳಿ, ಸಹಿಯನ್ನು ಹೊಡೆದುಹಾಕಿ, ಆಕೆಯ ಕೈಯಿಂದಲೇ 25 ಎಂದು ಪುನಃ ಬರೆಯಿಸಿದೆವು. ಪಾಲಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಮಕ್ಕಳ ಉತ್ತರವು ಪುಸ್ತಕದೊಡನೆ ಹೊಂದದಿದ್ದರೆ, ತಪ್ಪೆನ್ನುವ ಮೊದಲು ಅದು ಹೇಗೆ ಬಂತೆಂದು ಕೇಳಿರಿ. ಕಂಡುದನ್ನು ಅಳಿಸಲು ಒಮ್ಮೆ ಕಲಿತ ಕೈಗೆ ಅದನ್ನು ಮರೆಯಿಸುವುದು ಬಹಳ ಕಷ್ಟ.