ಕಾಲೆತ್ತುವ ತನಕ ಕಾಯುವ ಆಕ್ಸಲ್

ಲಾರಿಯ ಗಿಯರ್ ಬದಲಾಗುವುದು ಗಿಯರ್‌ಬಾಕ್ಸಿನಲ್ಲಿ ಎಂಬುದು ಯಾರಿಗೆ ಗೊತ್ತಿಲ್ಲ? ಆದರೆ ಕಳೆದ ಶತಮಾನದ ನಡುವಿನ ದಶಕಗಳಲ್ಲಿ ಅಮೆರಿಕದ ಬಯಲುಗಳಲ್ಲಿ ಗೋಧಿ, ಮೆಕ್ಕೆಜೋಳ ಹೊತ್ತು ಓಡಾಡಿದ ಷೆವ್ರೊಲೆ, ಫೋರ್ಡ್, ಇಂಟರ್‌ನ್ಯಾಷನಲ್ ಟ್ರಕ್ಕುಗಳಲ್ಲಿ ಇನ್ನೊಂದು ಗಿಯರ್ ಬದಲಾವಣೆಯೂ ನಡೆಯುತ್ತಿತ್ತು. ಅದು ನಡೆಯುತ್ತಿದ್ದುದು ಹಿಂದಿನ ಚಕ್ರಗಳ ನಡುವೆ, ನಮ್ಮ ಮೆಕ್ಯಾನಿಕ್‌ಗಳು ‘ಹೌಸಿಂಗ್’ ಎನ್ನುವ ಆ ದಪ್ಪ ಉಬ್ಬಿನೊಳಗೆ. ಗಿಯರ್ ಲಿವರಿನ ತುದಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತಿತ್ತು. ಅದನ್ನು ಮೇಲಕ್ಕೆಳೆದರೆ ಹೈ, ಕೆಳಕ್ಕೊತ್ತಿದರೆ ಲೋ. ಇಂಗ್ಲೆಂಡಿನ ಬೆಡ್‌ಫೋರ್ಡ್ ಲಾರಿಗಳಲ್ಲೂ ಆಸ್ಟ್ರೇಲಿಯಾದ ಹೊಲದ ಟ್ರಕ್ಕುಗಳಲ್ಲೂ ಇಂಥದ್ದೇ ಗುಂಡಿ ಇತ್ತು.

ಇಷ್ಟೆಲ್ಲ ಗೋಜಲು ಯಾಕೆ ಬೇಕಾಯಿತು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಆ ಕಾಲದ ಷೆವ್ರೊಲೆ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿದ್ದ ನಾಲ್ಕು ಗಿಯರಿನ ಪೆಟ್ಟಿಗೆಯಲ್ಲಿ ಫಸ್ಟ್ ಗಿಯರಿನ ಅನುಪಾತ ಸುಮಾರು 7.05, ಸೆಕೆಂಡ್ 3.57, ಥರ್ಡ್ 1.70, ಟಾಪ್ 1.00. ಮೆಟ್ಟಿಲುಗಳು ತೀರಾ ಎತ್ತರ. ಟಾಪ್‌ನಲ್ಲಿ ಹೋಗುತ್ತಿದ್ದ ಲೋಡು ಗಾಡಿ ಏರಿನಲ್ಲಿ ಸುಸ್ತಾಯಿತು, ಥರ್ಡಿಗೆ ಇಳಿಸಿದಿರಿ ಅಂದುಕೊಳ್ಳಿ. ಎಂಜಿನ್ ಒಮ್ಮೆಗೇ 1.7 ಪಟ್ಟು ವೇಗದಲ್ಲಿ ಕಿರುಚಬೇಕು, ಇಲ್ಲವೇ ಗಾಡಿಯೇ ಅಷ್ಟು ನಿಧಾನವಾಗಬೇಕು. ಇವೆರಡರ ನಡುವೆ ಇನ್ನೊಂದು ಮೆಟ್ಟಿಲು ಸಿಕ್ಕರೆ ಹೇಗೆ? ಈಟನ್ ಕಂಪನಿಯ ಎರಡು ವೇಗದ ಆಕ್ಸಲ್ ಮಾಡಿದ್ದು ಅದನ್ನೇ. ಅದರ ಮೇಲೆ 4.88/6.65 ಎಂದೋ 6.50/8.87 ಎಂದೋ ಜೋಡಿ ಸಂಖ್ಯೆ ಬರೆದಿರುತ್ತಿತ್ತು. ಯಾವ ಜೋಡಿಯನ್ನು ಭಾಗಿಸಿ ನೋಡಿದರೂ ಉತ್ತರ 1.36ರ ಆಸುಪಾಸು. ಹಾಗಾಗಿ ಟಾಪ್ ಹೈ 1.00, ಟಾಪ್ ಲೋ 1.36, ಥರ್ಡ್ ಹೈ 1.70, ಥರ್ಡ್ ಲೋ 2.32. ಗಿಯರ್‌ಬಾಕ್ಸನ್ನು ಮುಟ್ಟದೆಯೇ ನಾಲ್ಕು ಗಿಯರ್ ಎಂಟಾದವು.

ಈ ಯೋಚನೆ ಟ್ರಕ್ಕಿನವರದೇ ಏನಲ್ಲ. 1914ರ ಕ್ಯಾಡಿಲಾಕ್ ಕಾರಿನಲ್ಲೇ ವಿದ್ಯುತ್ ಸ್ವಿಚ್ಚಿನಿಂದ ಬದಲಾಗುವ ಎರಡು ವೇಗದ ಹಿಂದಿನ ಆಕ್ಸಲ್ ಇತ್ತು. ಕಾರಿಗೆ ಅದು ಶೋಕಿ, ಟ್ರಕ್ಕಿಗೆ ಹೊಟ್ಟೆಪಾಡು, ಉಳಿದುಕೊಂಡದ್ದು ಟ್ರಕ್ಕಿನಲ್ಲೇ. ಜೋಸೆಫ್ ಈಟನ್ ಮತ್ತು ವಿಗ್ಗೊ ಟಾರ್ಬೆನ್ಸನ್ 1911ರಲ್ಲಿ ನ್ಯೂಜೆರ್ಸಿಯಲ್ಲಿ ಶುರುಮಾಡಿದ ಆಕ್ಸಲ್ ಕಾರ್ಖಾನೆಯೇ ಮುಂದೆ ಈಟನ್ ಕಂಪನಿಯಾಯಿತು. 1998ರಲ್ಲಿ ಅದರ ಆಕ್ಸಲ್ ವ್ಯವಹಾರ ಡಾನಾ ಕಂಪನಿಯ ಪಾಲಾದ್ದರಿಂದ, ಹಳೆಯ ಈಟನ್ ಆಕ್ಸಲ್ಲುಗಳ ದುರಸ್ತಿ ಕೈಪಿಡಿಗಳಲ್ಲಿ ಈಗ ಡಾನಾದವರ ಸ್ಪೈಸರ್ ಎಂಬ ಹೆಸರು ಕಾಣುತ್ತದೆ.

ಈಗ ಒಳಗಿಳಿದು ನೋಡೋಣ. ಸಾಮಾನ್ಯ ಲಾರಿಯಲ್ಲಿ ಕ್ರೌನ್ ವ್ಹೀಲನ್ನು ನೇರವಾಗಿ ಡಿಫರೆನ್ಷಿಯಲ್ ಗೂಡಿಗೆ ಬಿಗಿದಿರುತ್ತಾರೆ. ಇಲ್ಲಿ ಹಾಗಿಲ್ಲ. ಕ್ರೌನ್ ವ್ಹೀಲಿನ ಒಳಮೈಯಲ್ಲೂ ಹಲ್ಲುಗಳಿವೆ. ಆ ಹಲ್ಲುಗಳನ್ನು ಕಚ್ಚಿಕೊಂಡು ಪುಟ್ಟ ಗ್ರಹ ಗಿಯರುಗಳಿವೆ. ಗ್ರಹಗಳ ಗೂಟಗಳು ಕೂತಿರುವುದು ಡಿಫರೆನ್ಷಿಯಲ್ ಗೂಡಿನ ಮೇಲೆ. ಇವೆಲ್ಲದರ ನಡುವೆ ಉದ್ದನೆಯ ಸೂರ್ಯ ಗಿಯರ್. ಅಕ್ಕಪಕ್ಕಕ್ಕೆ ಒಂದಿಷ್ಟು ಜಾರಬಲ್ಲದ್ದು ಇದೊಂದೇ. ಒಂದು ಕಡೆ ಜಾರಿದಾಗ ಅದರ ಹಲ್ಲು ಹೌಸಿಂಗಿನ ಕದಲದ ಭಾಗಕ್ಕೆ ಸಿಕ್ಕಿ ಅಲ್ಲಾಡದೆ ನಿಲ್ಲುತ್ತದೆ. ಆಗ ಗ್ರಹಗಳು ಅದರ ಸುತ್ತ ಉರುಳಿಕೊಂಡು ಹೋಗುವುದರಿಂದ ಡಿಫರೆನ್ಷಿಯಲ್ ಗೂಡು ಕ್ರೌನಿಗಿಂತ ನಿಧಾನವಾಗಿ ಸುತ್ತುತ್ತದೆ. ಇದು ಲೋ. ಕ್ರೌನಿನ ಒಳಹಲ್ಲು ಹನ್ನೊಂದಕ್ಕೆ ಸೂರ್ಯನ ಹಲ್ಲು ನಾಲ್ಕು ಎಂಬ ಪ್ರಮಾಣವಿದ್ದರೆ, ಗೂಡು ಹನ್ನೊಂದು ಸುತ್ತು ಸುತ್ತಲು ಕ್ರೌನ್ ಹದಿನೈದು ಸುತ್ತಬೇಕು. ಆ 1.36 ಬಂದದ್ದು ಇಲ್ಲಿಂದಲೇ. ಸೂರ್ಯ ಗಿಯರ್ ಇನ್ನೊಂದು ಕಡೆ ಜಾರಿದರೆ ಅದು ಗ್ರಹಗಳ ಜೊತೆಗೇ ಕಟ್ಟಿಹಾಕಿಕೊಳ್ಳುತ್ತದೆ. ಯಾವುದೂ ಯಾವುದರ ಸುತ್ತಲೂ ಉರುಳಲಾಗದೆ ಎಲ್ಲ ಒಂದೇ ಗಡ್ಡೆಯಾಗಿ ತಿರುಗುತ್ತವೆ. ಇದು ಹೈ.

ಇವೆರಡರ ನಡುವೆ ಸೂರ್ಯ ಗಿಯರ್ ಯಾವುದಕ್ಕೂ ಸಿಕ್ಕದ ಒಂದು ಜಾಗವಿದೆ. ಎಂಜಿನ್ನಿಗೂ ಚಕ್ರಕ್ಕೂ ಅಲ್ಲಿ ಸಂಬಂಧವೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೂರ್ಯ ಗಿಯರನ್ನು ಒಂದೆರಡು ಬೆರಳಷ್ಟು ಸರಿಸುವುದು ದೊಡ್ಡ ಕೆಲಸವೇ ಎಂದರೆ, ಗಾಡಿ ಎಳೆಯುತ್ತಿರುವಾಗ ಅದು ಸಾಧ್ಯವೇ ಇಲ್ಲ. ಎಂಜಿನ್ 250 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತಿದೆ ಎನ್ನೋಣ. ಫಸ್ಟ್ ಗಿಯರಿನಲ್ಲಿ ಅದು 7.05 ಪಟ್ಟಾಗಿ, ಆಮೇಲೆ ಕ್ರೌನ್ ಪಿನಿಯನ್‌ನಲ್ಲಿ 6.5 ಪಟ್ಟಾಗಿ, ಸವಕಳಿ ಲೆಕ್ಕ ಬಿಟ್ಟರೆ 11,000 ನ್ಯೂಟನ್ ಮೀಟರ್ ದಾಟುತ್ತದೆ. ಅಷ್ಟು ಬಲದಿಂದ ಒಂದಕ್ಕೊಂದು ಒತ್ತಿಕೊಂಡ ಹಲ್ಲುಗಳನ್ನು ಪಕ್ಕಕ್ಕೆ ಎಳೆದು ಬಿಡಿಸುವ ಮೋಟಾರು ಬೇಕೆಂದರೆ ಅದನ್ನು ಹೊರಲು ಇನ್ನೊಂದು ಟ್ರಕ್ಕು ಬೇಕು.

ಹಾಗಾಗಿ ವಿನ್ಯಾಸಕಾರರು ಬಲದ ದಾರಿ ಬಿಟ್ಟು ತಾಳ್ಮೆಯ ದಾರಿ ಹಿಡಿದರು. ಹೌಸಿಂಗಿನ ಮೇಲೆ ಕೂತಿರುವ ಪುಟ್ಟ ಪೆಟ್ಟಿಗೆಯೊಳಗೆ ಒಂದು ವಿದ್ಯುತ್ ಮೋಟಾರು, ಅದು ತಿರುಗಿಸುವ ಒಂದು ಸ್ಕ್ರೂ, ಸ್ಕ್ರೂ ಮೇಲೆ ಸರಿಯುವ ಒಂದು ನಟ್, ಒಂದು ಗಟ್ಟಿ ಸ್ಪ್ರಿಂಗ್. ಚಾಲಕ ಗುಂಡಿ ಒತ್ತಿದ ಕೂಡಲೇ ಮೋಟಾರು ತಿರುಗಿ ಸ್ಪ್ರಿಂಗನ್ನು ಹುರಿಗೊಳಿಸುತ್ತದೆ, ನಟ್ ಕೊನೆ ಮುಟ್ಟಿದಾಗ ಒಳಗಿನ ಸ್ವಿಚ್ಚು ಕರೆಂಟು ಕಡಿಯುತ್ತದೆ. ಮೋಟಾರಿನ ಕೆಲಸ ಅಲ್ಲಿಗೆ ಮುಗಿಯಿತು. ಸೂರ್ಯ ಗಿಯರ್ ಇನ್ನೂ ಅಲುಗಿಲ್ಲ. ಕೀಲಿ ಕೊಟ್ಟು ಕೈಯಲ್ಲಿ ಹಿಡಿದುಕೊಂಡ ಆಟದ ಬೊಂಬೆಯಂತೆ ಸ್ಪ್ರಿಂಗು ಬಿಗಿದುಕೊಂಡೇ ಇರುತ್ತದೆ. ಚಾಲಕ ಆಕ್ಸಿಲರೇಟರಿನಿಂದ ಕಾಲೆತ್ತಿದ ಕ್ಷಣ ಹಲ್ಲುಗಳ ಮೇಲಿನ ಒತ್ತಡ ಸಡಿಲುತ್ತದೆ. ಆಗ ಸ್ಪ್ರಿಂಗು ಸೂರ್ಯ ಗಿಯರನ್ನು ಹಿಡಿದಿರುವ ಫೋರ್ಕನ್ನು ನೂಕುತ್ತದೆ, ಫೋರ್ಕು ಅದನ್ನು ದಾಟಿಸುತ್ತದೆ. ಈ ಯಂತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ: ಗುಂಡಿ ಕೊಡುವುದು ಅಪ್ಪಣೆಯನ್ನಲ್ಲ, ಅರ್ಜಿಯನ್ನು. ಮಂಜೂರು ಮಾಡುವುದು ಚಾಲಕನ ಕಾಲು.

ಆ ಕಾಲಿಗೂ ಪಳಗಿಕೆ ಬೇಕು. ಲೋದಿಂದ ಹೈಗೆ ಹೋಗುವಾಗ ಎಂಜಿನ್ ನಿಧಾನವಾಗಬೇಕು. ಮಿನಿಟಿಗೆ 2,000 ಸುತ್ತು ಇದ್ದದ್ದು 1,470ರ ಹತ್ತಿರಕ್ಕೆ ಇಳಿದಾಗ ಹಲ್ಲುಗಳು ಹೊಂದುತ್ತವೆ. ಕಾಲೆತ್ತಿ ಒಂದು ಕ್ಷಣ ತಾಳಿದರೆ ಸಾಕು. ಹೈಯಿಂದ ಲೋಗೆ ಬರುವಾಗ ತಿರುಗಾಮುರುಗಾ. ಎಂಜಿನ್ ಏರಬೇಕಾದ್ದರಿಂದ ಕಾಲನ್ನು ಚಕ್ಕನೆ ಎತ್ತಿ ಚಕ್ಕನೆ ಒತ್ತಬೇಕು, ಅಥವಾ ಕ್ಲಚ್ಚನ್ನು ಒಮ್ಮೆ ತಟ್ಟಿ ಬಿಡಬೇಕು. ಥರ್ಡ್ ಹೈಯಿಂದ ಟಾಪ್ ಲೋಗೆ ಹೋಗುವಾಗ ಲಿವರೂ ಗುಂಡಿಯೂ ಒಟ್ಟಿಗೆ ಬದಲಾಗಬೇಕು. ಅದು ಕೂಡಿ ಬಂದವನನ್ನೇ ಆ ಕಡೆ ಪಕ್ಕಾ ಡ್ರೈವರ್ ಎನ್ನುತ್ತಿದ್ದದ್ದು. ಅಳುಕುತ್ತಾ ಅರೆಬರೆ ಕಾಲೆತ್ತುವವನ ಗಾಡಿ ಮಾತ್ರ ಗರಗರ ಎನ್ನುತ್ತಿರುತ್ತದೆ. ವರ್ಕ್‌ಶಾಪಿಗೆ ‘ಆಕ್ಸಲ್ ಕೆಟ್ಟಿದೆ’ ಎಂದು ಬರುವ ದೂರುಗಳಲ್ಲಿ ಕೆಲವನ್ನು ಸ್ಪಾನರ್ ಹಿಡಿಯುವ ಮೊದಲು ಚಾಲಕನ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದೇ ಪರಿಹರಿಸಬಹುದು.

ಇಳಿಜಾರಿನಲ್ಲಿ ಮಾತ್ರ ಈ ಗುಂಡಿಯನ್ನು ಮುಟ್ಟಬಾರದು. ಶಿರಾಡಿಯೋ ಚಾರ್ಮಾಡಿಯೋ ಇಳಿಯುವ ನಮ್ಮ ಲಾರಿಯವರು ಘಾಟಿಯ ನೆತ್ತಿಯಲ್ಲೇ ಗಿಯರ್ ಆರಿಸಿಕೊಳ್ಳುತ್ತಾರಲ್ಲ, ಅದೇ ನಿಯಮ ಇಲ್ಲಿ ಇನ್ನೂ ಕಟ್ಟುನಿಟ್ಟು. ಸೂರ್ಯ ಗಿಯರ್ ಆ ನಡುವಿನ ಜಾಗದಲ್ಲಿ ಸಿಕ್ಕಿಕೊಂಡರೆ ಎಂಜಿನ್ನಿನ ಹಿಡಿತ ಪೂರ್ತಿ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ನಿಲ್ಲಿಸಿದ ಗಾಡಿಗೂ ಇದೇ ಅಪಾಯ. ಆ ಕಾಲದ ಹಲವು ಟ್ರಕ್ಕುಗಳ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿದ್ದುದು ಚಕ್ರವನ್ನಲ್ಲ, ಗಿಯರ್‌ಬಾಕ್ಸಿನ ಹಿಂದಿನ ಷಾಫ್ಟನ್ನು. ಆಕ್ಸಲ್ ಅರ್ಧಕ್ಕೆ ನಿಂತಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳಿಕೊಂಡು ಹೋಗಬಹುದು.

ದುರಸ್ತಿಗೆ ಬರೋಣ. ಬದಲಾಗುತ್ತಿಲ್ಲ ಎಂದ ಕೂಡಲೇ ಹೌಸಿಂಗ್ ಬಿಚ್ಚಲು ಕೈಹಾಕುವುದು ಅವಸರದ ಬುದ್ಧಿ. ಗ್ರಹ ಗಿಯರುಗಳು ಗೇರ್ ಆಯಿಲ್‌ನಲ್ಲಿ ಮುಳುಗಿ ಸುಖವಾಗಿರುತ್ತವೆ. ಕಷ್ಟ ಪಡುವುದು ಹೊರಗಿನ ಪೆಟ್ಟಿಗೆ, ಅದಕ್ಕೂ ಮೊದಲು ಅದಕ್ಕೆ ಬರುವ ವೈರು. ಕ್ಯಾಬಿನ್ನಿನಿಂದ ಹಿಂದಿನ ಆಕ್ಸಲ್ ತನಕ ಚಾಸಿಗೆ ಒರಸಿಕೊಂಡು, ಕೆಸರು, ನೀರು, ಚಳಿದೇಶಗಳಲ್ಲಿ ರಸ್ತೆಗೆ ಎರಚುವ ಉಪ್ಪು ಎಲ್ಲವನ್ನೂ ಸಹಿಸಿಕೊಂಡು ಅದು ಬರಬೇಕು. ಆದ್ದರಿಂದ ಮೊದಲು ಸರ್ಕ್ಯೂಟ್ ಬ್ರೇಕರ್, ಆಮೇಲೆ ಗುಂಡಿ, ಆಮೇಲೆ ಪೆಟ್ಟಿಗೆಯ ಬಾಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ಎರಡೂ ಸ್ಥಾನಗಳಲ್ಲಿ ಕರೆಂಟು ಬರುತ್ತಿದೆಯೇ ಎಂದು ನೋಡುವುದು. ಅರ್ತ್ ಸಡಿಲವಾಗಿದ್ದರೆ ಲ್ಯಾಂಪು ಉರಿದರೂ ಮೋಟಾರು ತಿರುಗುವುದಿಲ್ಲ. ಹೊಸಬರು ಮೋಸಹೋಗುವುದು ಇಲ್ಲೇ.

ಕರೆಂಟು ಸರಿಯಿದೆ, ಆದರೂ ಬದಲಾಗುತ್ತಿಲ್ಲ ಎಂದಾದರೆ ಕಿವಿ ಕೊಡಬೇಕು. ಮೋಟಾರಿನ ಸದ್ದೇ ಇಲ್ಲವೆಂದರೆ ಕಾರ್ಬನ್ ಬ್ರಷ್ ಸವೆದಿರಬಹುದು, ಸ್ವಿಚ್ಚಿನ ತುದಿಗಳು ಸುಟ್ಟಿರಬಹುದು, ನೀರು ಹೊಕ್ಕು ತುಕ್ಕು ಹಿಡಿದಿರಬಹುದು. ಮೋಟಾರು ಗುಂಯ್ ಎಂದು ತಿರುಗಿ ನಿಲ್ಲುತ್ತದೆ ಆದರೆ ಗಾಡಿಗೆ ಏನೂ ಆಗುವುದಿಲ್ಲ ಎಂದರೆ ಸ್ಪ್ರಿಂಗು ಮುರಿದಿದೆ ಅಥವಾ ಫೋರ್ಕು ಬಿಗಿಯಾಗಿದೆ. ಎರಡರಲ್ಲಿ ಯಾವುದು? ಪೆಟ್ಟಿಗೆಯ ನಟ್ಟುಗಳನ್ನು ಬಿಚ್ಚಿ ಹೊರತೆಗೆದರೆ ಗೊತ್ತಾಗುತ್ತದೆ. ಮೇಜಿನ ಮೇಲಿಟ್ಟು ಬ್ಯಾಟರಿ ಕೊಟ್ಟಾಗ ಫೋರ್ಕನ್ನು ನೂಕುವ ಅದರ ಲಿವರು ಈ ಕಡೆಯಿಂದ ಆ ಕಡೆಗೆ ಗಟ್ಟಿಯಾಗಿ ಸರಿದರೆ ಪೆಟ್ಟಿಗೆಯ ತಪ್ಪಿಲ್ಲ. ಆಗ ಹೌಸಿಂಗಿನ ಕಿಂಡಿಯಲ್ಲಿ ಸಣ್ಣ ಲಿವರ್ ತೂರಿಸಿ, ಚಕ್ರವನ್ನು ಕೈಯಲ್ಲಿ ಹಿಂದೆಮುಂದೆ ಆಡಿಸುತ್ತಾ ಫೋರ್ಕನ್ನು ದಾಟಿಸಿ ನೋಡಬೇಕು. ಅಲ್ಲೂ ಸಿಕ್ಕಿಕೊಂಡರೆ ಮಾತ್ರ ಹೌಸಿಂಗ್ ಬಿಚ್ಚುವ ಮಾತು. ಮರಳಿ ಕೂರಿಸುವಾಗ ಪೆಟ್ಟಿಗೆಯ ಲಿವರೂ ಒಳಗಿನ ಫೋರ್ಕೂ ಒಂದೇ ಸ್ಥಾನದಲ್ಲಿರಬೇಕು. ಒಂದು ಲೋದಲ್ಲಿ, ಇನ್ನೊಂದು ಹೈಯಲ್ಲಿ ಇಟ್ಟುಕೊಂಡು ನಟ್ಟು ಬಿಗಿಯುತ್ತಾ ಹೋದರೆ ಮುರಿಯುವುದು ಯಾವುದೆಂದು ಹೇಳಬೇಕಾಗಿಲ್ಲ. ಪೆಟ್ಟಿಗೆಯೊಳಗಿನ ಎಣ್ಣೆಯೂ ಹೌಸಿಂಗಿನ ದಪ್ಪ ಗೇರ್ ಆಯಿಲ್ ಅಲ್ಲ, ತೆಳುವಾದ ಎಂಜಿನ್ ಆಯಿಲ್. ದಪ್ಪ ಎಣ್ಣೆ ಚಳಿಗೆ ಅಂಟಾದರೆ ಆ ಬಡಪಾಯಿ ಮೋಟಾರು ಸ್ಪ್ರಿಂಗನ್ನೂ ಎಣ್ಣೆಯನ್ನೂ ಒಟ್ಟಿಗೆ ಎಳೆಯಬೇಕಾಗುತ್ತದೆ.

ಏರ್ ಬ್ರೇಕ್ ಇರುವ ಗಾಡಿಗಳಲ್ಲಿ ಮೋಟಾರಿನ ಬದಲು ಗಾಳಿ ಬಂತು. ಇದರ ದೋಷ ಹುಡುಕುವುದು ಇನ್ನೂ ಸುಲಭ, ಯಾಕೆಂದರೆ ಒಂದೊಂದು ದಿಕ್ಕಿಗೆ ಒಬ್ಬೊಬ್ಬ ಹೊಣೆಗಾರ. ಹೈಗೆ ನೂಕುವುದು ಗಾಳಿ, ಲೋಗೆ ಮರಳಿ ತರುವುದು ಸ್ಪ್ರಿಂಗ್. ಹೈಗೆ ಹೋಗುತ್ತಿಲ್ಲವೆಂದರೆ ಗಾಳಿ ತಲುಪುತ್ತಿಲ್ಲ. ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಲೋಗೆ ಬರುತ್ತಿಲ್ಲವೆಂದರೆ ಗಾಳಿ ಹೊರಬೀಳುತ್ತಿಲ್ಲ ಅಥವಾ ಸ್ಪ್ರಿಂಗು ಹೋಗಿದೆ. ಕೀ ತೆಗೆದ ಕೂಡಲೇ ಸಾಲೆನಾಯ್ಡ್ ವಾಲ್ವು ಗಾಳಿಯನ್ನು ಹೊರಬಿಟ್ಟು ಆಕ್ಸಲ್ಲನ್ನು ಲೋಗೆ ತರುವ ಏರ್ಪಾಡೂ ಇದೆ. ಇವೆಲ್ಲಕ್ಕೂ ಹಿಂದಿನ ತಲೆಮಾರಿನಲ್ಲಿ ಎಂಜಿನ್ನಿನ ನಿರ್ವಾತದಿಂದ ಎಳೆಯುವ ಪದ್ಧತಿ ಇತ್ತು. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲೊತ್ತಿದಷ್ಟೂ ನಿರ್ವಾತ ಕಡಿಮೆಯಾಗುತ್ತದೆ, ಡೀಸೆಲ್ಲಿನಲ್ಲಂತೂ ಅದು ಸಿಗುವುದೇ ಇಲ್ಲವೆನ್ನಬೇಕು. ಹೆಚ್ಚು ಕಾಲ ಬಾಳದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಹೆಚ್ಚು ಗಿಯರಿನ ಪೆಟ್ಟಿಗೆಗಳು, ಆಟೊಮ್ಯಾಟಿಕ್‌ಗಳು ಬಂದಮೇಲೆ ಎರಡು ವೇಗದ ಆಕ್ಸಲ್ಲಿನ ಬೇಡಿಕೆ ಕುಗ್ಗಿತು. ಆದರೆ ಅದರ ಉಪಾಯ ಗಿಯರ್‌ಬಾಕ್ಸಿನೊಳಗೆ ಸೇರಿಕೊಂಡಿದೆ. ನಮ್ಮಲ್ಲಿ ಓಡಾಡುವ ಒಂಬತ್ತು ಗಿಯರಿನ ಟಿಪ್ಪರುಗಳ ಲಿವರಿನಲ್ಲೂ ಹೈ–ಲೋ ಬದಲಿಸುವ ಸ್ವಿಚ್ಚಿದೆ. ಅಲ್ಲೂ ಚಾಲಕ ಮೊದಲೇ ಸ್ವಿಚ್ ಹಾಕಿಟ್ಟುಕೊಳ್ಳುತ್ತಾನೆ, ಲಿವರು ನ್ಯೂಟ್ರಲ್ ದಾಟುವಾಗ ಗಾಳಿ ತನ್ನ ಕೆಲಸ ಮಾಡುತ್ತದೆ. ಬ್ಯಾಟರಿ ಕಾರುಗಳಲ್ಲಿ ಪೋರ್ಷೆಯ ಟೈಕಾನ್ ತನ್ನ ಹಿಂದಿನ ಆಕ್ಸಲ್ಲಿನಲ್ಲೇ ಎರಡು ಗಿಯರ್ ಇಟ್ಟುಕೊಂಡಿದೆ.

ಕೊನೆಗೆ ಉಳಿಯುವುದು ಸ್ಪೀಡೋಮೀಟರಿನ ತಕರಾರು. ಅದರ ಕೇಬಲ್ಲು ಹೊರಡುವುದು ಗಿಯರ್‌ಬಾಕ್ಸಿನ ಹಿಂಭಾಗದಿಂದ. ಆಕ್ಸಲ್ಲಿನಲ್ಲಿ ಏನಾಯಿತೆಂಬುದು ಅದಕ್ಕೆ ತಿಳಿಯದು. ಹಾಗೇ ಬಿಟ್ಟರೆ ಲೋದಲ್ಲಿ 44ರಲ್ಲಿ ಹೋಗುವ ಗಾಡಿಗೆ ಮುಳ್ಳು 60 ತೋರಿಸುತ್ತದೆ. ಇದಕ್ಕೆಂದೇ ಕೇಬಲ್ಲಿನ ನಡುವೆ ಒಂದು ಅಡಾಪ್ಟರ್ ಕೂರಿಸಿ, ಆಕ್ಸಲ್ಲಿನ ಗುಂಡಿಯಿಂದಲೇ ಅದಕ್ಕೂ ಕರೆಂಟು ಕೊಟ್ಟಿರುತ್ತಾರೆ. ಆದರೆ ಅಡಾಪ್ಟರ್ ಪಾಲಿಸುವುದು ಗುಂಡಿಯ ಮಾತನ್ನು, ಆಕ್ಸಲ್ಲಿನದನ್ನಲ್ಲ. ಆಕ್ಸಲ್ ಲೋದಲ್ಲೇ ಸಿಕ್ಕಿಕೊಂಡಿದ್ದರೂ ಹೈ ಒತ್ತಿದಾಗ ಮುಳ್ಳು ಮೇಲಕ್ಕೆ ನೆಗೆಯುತ್ತದೆ. ದುರಸ್ತಿ ಮುಗಿಸಿ ರಸ್ತೆಗಿಳಿದವರು ಅದನ್ನು ನೋಡಿ ಗೆದ್ದೆವೆಂದುಕೊಂಡರೆ ಕೆಟ್ಟರು. ಕಾಲೆತ್ತಿ ಮತ್ತೆ ಒತ್ತಿದಾಗ ಎಂಜಿನ್ನಿನ ಸದ್ದು ಒಂದು ಮೆಟ್ಟಿಲು ಕೆಳಗಿಳಿಯಿತೇ ಎಂದು ಕೇಳಿಸಿಕೊಳ್ಳಬೇಕು. ಮುಳ್ಳು ಏರಿ, ಸದ್ದು ಇದ್ದಂತೆಯೇ ಇದ್ದರೆ ಗಾಡಿಯನ್ನು ವಾಪಸ್ಸು ಶೆಡ್ಡಿಗೆ ತಿರುಗಿಸಬೇಕು.