ಉಳುಕಿದ ಎತ್ತಿಗೆ ಒದ್ದೆ ಶಾಖ

ಉಳುಮೆಯ ಕಾಲದಲ್ಲಿ ಎತ್ತಿನ ಕಾಲು ಉಳುಕುವುದು ಅಪರೂಪವಲ್ಲ. ಕೆಸರುಗದ್ದೆಯಲ್ಲಿ ಗೊರಸು ಹೂತು ತಿರುಚಿಕೊಳ್ಳುವುದು, ಕಲ್ಲುಹಾದಿಯಲ್ಲಿ ಭಾರದ ಗಾಡಿಯನ್ನೆಳೆಯುವಾಗ ಕಾಲು ಜಾರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಗಿಣ್ಣು ಬಾತು ಎತ್ತು ಕುಂಟತೊಡಗಿದೊಡನೆ ಕೆಲವರು ಕಾದ ಕಬ್ಬಿಣದಿಂದ ಬರೆ ಹಾಕಿಸುವುದುಂಟು; ಮತ್ತೆ ಕೆಲವರು ಅಂದೇ ಬಿಸಿನೀರಿನ ಶಾಖಕ್ಕೆ ತೊಡಗುವರು. ಮೊದಲನೆಯದು ಎಂದಿಗೂ ಕೂಡದು. ಎರಡನೆಯದು ಒಳ್ಳೆಯ ಚಿಕಿತ್ಸೆಯೇ ಆದರೂ ಕಾಲವರಿತು ಮಾಡದಿದ್ದರೆ ಹಾನಿಕರವು.

ಬರೆಯಿಂದ ವಾಸಿಯಾಯಿತೆಂದು ಹೇಳುವವರಿದ್ದಾರೆ. ಬರೆ ಬಿದ್ದ ಎತ್ತನ್ನು ಹತ್ತು ಹದಿನೈದು ದಿನ ನೊಗಕ್ಕೆ ಹೂಡಲಾಗುವುದಿಲ್ಲ. ಆ ವಿಶ್ರಾಂತಿಯೇ ಅದನ್ನು ವಾಸಿಮಾಡುವುದಲ್ಲದೆ ಕಬ್ಬಿಣವಲ್ಲ. ಸುಟ್ಟ ಗಾಯಕ್ಕೆ ನೊಣ ಮುತ್ತಿ ಹುಳು ಬೀಳುವುದೊಂದೇ ಅದರಿಂದಾಗುವ ಹೆಚ್ಚಿನ ಫಲ.

ಕಾಲು ಉಳುಕಿದಾಗ ಕೀಲನ್ನು ಬಿಗಿದಿರುವ ತಂತುಗಳು ಜಗ್ಗಿ, ಕೆಲವು ಹರಿದು, ಸಣ್ಣ ರಕ್ತನಾಳಗಳು ಒಡೆಯುತ್ತವೆ. ಶಾಖವು ರಕ್ತನಾಳಗಳನ್ನು ಅಗಲಿಸುವುದರಿಂದ, ಮೊದಲ ದಿನವೇ ಶಾಖ ಕೊಟ್ಟರೆ ಒಳಗೆ ಒಸರುವುದು ಹೆಚ್ಚಿ ಬಾವು ಏರುತ್ತದೆ. ಆದುದರಿಂದ ಮೊದಲೆರಡು ದಿನ ತಣ್ಣೀರನ್ನೇ ಉಪಯೋಗಿಸತಕ್ಕದ್ದು. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲವೂ ಕಾಲು ಗಂಟೆಯ ಹೊತ್ತು ತಣ್ಣೀರು ಸುರಿದು, ಹುಲ್ಲು ಹಾಸಿದ ಮೆತ್ತನೆಯ ನೆಲದಲ್ಲಿ ಎತ್ತನ್ನು ಕಟ್ಟಬೇಕು. ಮುಟ್ಟಿದರೆ ಬಾವಿನ ಬಿಸಿ ಇಳಿದಿದೆಯೆಂದು ಕಂಡ ಮೇಲೆ ಶಾಖವನ್ನು ಆರಂಭಿಸಬಹುದು.

ಮನುಷ್ಯರಿಗೆ ಫಿಸಿಯೋಥೆರಪಿ ವಿಭಾಗಗಳಲ್ಲಿ ಇದೇ ಚಿಕಿತ್ಸೆ ನಡೆಯುತ್ತದೆ. ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ತುಂಬಿದ ದಪ್ಪಬಟ್ಟೆಯ ಚೀಲವನ್ನು ಸುಮಾರು 70ರಿಂದ 75 ಡಿಗ್ರಿ ಸೆಂಟಿಗ್ರೇಡ್ ಕಾವಿನ ನೀರಿನಲ್ಲಿಟ್ಟು ತೆಗೆದು, ಆರೇಳು ಪದರ ಟವಲು ಸುತ್ತಿ, 20 ನಿಮಿಷ ನೋವಿನ ಮೇಲಿಡುತ್ತಾರೆ. ಕಾವು ಮೆಲ್ಲಮೆಲ್ಲನೆ ಇಳಿಯುವಂತೆ ಮಾಡುವುದು ಆ ಪದರಗಳೇ. ರೈತನ ಮನೆಯಲ್ಲಿ ಹಳೆಯ ಕಂಬಳಿಯ ತುಂಡು ಈ ಕೆಲಸಕ್ಕೆ ಸಾಕು. ಉಣ್ಣೆಯು ಕಾವನ್ನು ಬೇಗ ಬಿಡುವುದಿಲ್ಲ. ಮೊಣಕೈಯನ್ನು ಅದ್ದಿ ತಾಳಬಹುದಾದಷ್ಟೇ, ಎಂದರೆ ಸುಮಾರು 45 ಡಿಗ್ರಿ ಮೀರದಷ್ಟು ಬಿಸಿಯಾದ ನೀರಿನಲ್ಲಿ ಕಂಬಳಿಯನ್ನು ಅದ್ದಿ, ನೀರು ತೊಟ್ಟಿಕ್ಕದಂತೆ ಹಿಂಡಿ, ಗಿಣ್ಣಿಗೆ ಸುತ್ತಿ, ಮೇಲೊಂದು ಒಣಗೋಣಿಯನ್ನು ಹೊದಿಸಬೇಕು. ಆರಿದಂತೆಲ್ಲ ಬದಲಾಯಿಸುತ್ತ 20 ನಿಮಿಷ ನಡೆಸಿ, ಒರೆಸಿ ಒಣಗಿಸಿ, ಗಾಳಿ ತಾಗದಂತೆ ಬಟ್ಟೆ ಸುತ್ತಬೇಕು. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡತಕ್ಕದ್ದು.

ಒದ್ದೆಬಟ್ಟೆಯು ಒಣಬಟ್ಟೆಗಿಂತ ಬೇಗನೆ ಕಾವನ್ನು ಚರ್ಮಕ್ಕೆ ಮುಟ್ಟಿಸುವುದರಿಂದ ಬೇಗನೆ ಸುಡಲೂ ಬಲ್ಲದು. ಮನುಷ್ಯನಾದರೆ ಬಿಸಿಯೆಂದು ಕೂಗುವನು. ಮೂಕಪ್ರಾಣಿಯು ಕಾಲನ್ನು ಎಳೆದುಕೊಳ್ಳುವುದಷ್ಟೆ. ಅದನ್ನು ಹಟವೆಂದು ತಿಳಿದು ಬಿಗಿಯಾಗಿ ಕಟ್ಟಿಹಾಕುವವರೇ ಹೆಚ್ಚು. ಟರ್ಪೆಂಟೈನ್ ಸೇರಿದ ತೈಲವನ್ನು ಹಚ್ಚಿ ಅದರ ಮೇಲೆ ಶಾಖ ಕೊಟ್ಟರೆ ಬೊಬ್ಬೆ ಏಳುವ ಭಯವುಂಟು. ಇದಲ್ಲದೆ, ಈ ಶಾಖವು ಚರ್ಮದಿಂದ ಒಂದೆರಡು ಸೆಂಟಿಮೀಟರಿಗಿಂತ ಆಳಕ್ಕೆ ಇಳಿಯುವುದಿಲ್ಲವಾಗಿ, ಗಿಣ್ಣು ಮಂಡಿಗಳಿಗೆ ಫಲಕಾರಿಯಾದರೂ ತೊಡೆಯ ಬುಡದ ಕೀಲಿಗೆ ನಿರರ್ಥಕವು.

ಗಾಯ, ಕೀವು ಅಥವಾ ಮೂಳೆ ಮುರಿದ ಸಂದೇಹವಿದ್ದಲ್ಲಿ ಶಾಖವೇ ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಆರು ತಿಂಗಳಿಂದ ಎರಡು ವರ್ಷದೊಳಗಿನ ಪುಷ್ಟವಾದ ಕರುವು ಮಳೆಗಾಲದಲ್ಲಿ ಜ್ವರದಿಂದ ಕುಂಟಿ, ತೊಡೆಯೋ ಹೆಗಲೋ ಬಾತು, ಒತ್ತಿದರೆ ಚರಚರ ಶಬ್ದ ಬಂದರೆ ಅದು ಉಳುಕಲ್ಲ, ಚಪ್ಪೆರೋಗ. ಶಾಖ ಕೊಡುತ್ತ ಕುಳಿತರೆ ಒಂದೆರಡು ದಿನದೊಳಗೆ ಕರು ಸಾಯುವುದು. ಆ ಗಳಿಗೆಯಲ್ಲೇ ಪಶುವೈದ್ಯರನ್ನು ಕರೆಸತಕ್ಕದ್ದು. ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿದವರಿಗೆ ಈ ಆತಂಕ ಕಡಿಮೆ.

ಶಾಖದಿಂದ ನೋವು ತಗ್ಗಿತೆಂದು ಅಂದೇ ಹೂಡುವುದು ದೊಡ್ಡ ತಪ್ಪು. ತಗ್ಗಿದ್ದು ನೋವು, ಕೂಡಿಕೊಂಡದ್ದು ತಂತುವಲ್ಲ. ಕಾವಿನಿಂದ ತಂತುಗಳು ಮೆತ್ತಗಾಗಿರುವಾಗ ಎತ್ತನ್ನು ಸಮನೆಲದಲ್ಲಿ ಐದು ನಿಮಿಷ ಮೆಲ್ಲನೆ ನಡೆಸಿ, ದಿನೇದಿನೇ ಹೊತ್ತನ್ನು ಹೆಚ್ಚಿಸಬೇಕು. ಕುಂಟದ ಮೇಲೆ ಮೊದಲು ಬರಿಯ ನೊಗ, ಆಮೇಲೆ ಬರಿಗಾಡಿ, ಕಡೆಗೆ ನೇಗಿಲು. ಅಶಕ್ತವಾದ ಎತ್ತನ್ನು ದುಡಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ. ಹೂಡಿದ ಮರುದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಡುವಾಗ ಮೊದಲ ಹತ್ತು ಹೆಜ್ಜೆಗಳನ್ನು ನೋಡಬೇಕು. ಕುಂಟು ಮತ್ತೆ ಕಂಡರೆ ಇನ್ನೂ ಒಂದು ವಾರ ನೊಗ ಬೇಡ.