‘ಅಸ್ಯೂಮ್’ ಮತ್ತು ‘ಪ್ರಿಸ್ಯೂಮ್’

ಇಂಗ್ಲಿಷಿನಲ್ಲಿ ಕಚೇರಿಯ ಕಾಗದ ಬರೆಯಲು ಕುಳಿತಾಗ ‘ಅಸ್ಯೂಮ್’, ‘ಪ್ರಿಸ್ಯೂಮ್’ ಎಂಬೆರಡು ಮಾತುಗಳಲ್ಲಿ ಯಾವುದು ಮೊದಲು ನೆನಪಿಗೆ ಬಂದರೆ ಅದನ್ನೇ ಹಾಕಿ ಮುಂದೆ ಸಾಗುವುದು ನಮ್ಮಲ್ಲಿ ಅನೇಕರ ರೂಢಿ. ಎರಡಕ್ಕೂ ‘ಭಾವಿಸು, ಊಹಿಸು’ ಎಂದೇ ಅರ್ಥ ಕಲಿತವರು ನಾವು.

ನೆರೆಮನೆಯ ಗೃಹಿಣಿಯೊಬ್ಬರು ಒಮ್ಮೆ ತಮ್ಮ ಅರ್ಜಿಯನ್ನು ನನ್ನಲ್ಲಿಗೆ ತಂದಿದ್ದರು. ಪತಿ ಮನೆ ಬಿಟ್ಟು ಹೋಗಿ ಎಂಟು ವರ್ಷವಾಗಿತ್ತು. ಬಂಧುಗಳಲ್ಲಿ ಯಾರಿಗೂ ಸುದ್ದಿಯಿಲ್ಲ. ಅವರ ಹೆಸರಿನಲ್ಲಿದ್ದ ಹಣಕ್ಕಾಗಿ ಬರೆದ ಅರ್ಜಿಯಲ್ಲಿ ‘ಹಿ ಈಸ್ ಅಸ್ಯೂಮ್ಡ್ ಟು ಬಿ ಡೆಡ್’ ಎಂದಿತ್ತು. ಕಚೇರಿಯವರು, ‘ಹಾಗೆ ಭಾವಿಸಿದವರು ಯಾರು? ಆಧಾರವೇನು?’ ಎಂದು ಷರಾ ಬರೆದು ಹಿಂದಿರುಗಿಸಿದ್ದರು. ಆಕೆಗೆ ಅದು ಬಹಳ ನೋವಿನ ಮಾತು. ಆದರೆ ಪ್ರಶ್ನೆ ಅರ್ಥವಿಲ್ಲದ್ದಲ್ಲ.

‘ಅಸ್ಯೂಮ್’ ಎಂಬುದರ ಲ್ಯಾಟಿನ್ ಮೂಲಕ್ಕೆ ತನಗೆ ತೆಗೆದುಕೊಳ್ಳುವುದು ಎಂದರ್ಥ. ಆದ್ದರಿಂದಲೇ ಅಧಿಕಾರಿಗಳು ‘ಅಸ್ಯೂಮ್ಡ್ ಚಾರ್ಜ್’ ಎಂದು ಬರೆಯುತ್ತಾರೆ. ನಮ್ಮ ‘ಗೃಹೀತ’ವೂ ತೆಗೆದುಕೊಂಡದ್ದೇ ತಾನೆ! ಲೆಕ್ಕದ ಮೇಷ್ಟರು ‘ಬೆಲೆ ನೂರು ರೂಪಾಯಿ ಎಂದಿಟ್ಟುಕೊಳ್ಳೋಣ’ ಎಂದಾಗ ಯಾರೂ ಆಧಾರ ಕೇಳುವುದಿಲ್ಲ. ‘ಅಸ್ಯೂಮ್’ ಆ ಬಗೆಯ ಮಾತು. ‘ಪ್ರಿಸ್ಯೂಮ್’ ಎಂದರೆ ಮುಂಚಿತವಾಗಿ ತೆಗೆದುಕೊಳ್ಳುವುದು. ಕಂಡ ಸಂಗತಿಗಳಿಂದ ಸಂಭವವೆಂದು ತೋರಿದ್ದನ್ನು, ವಿರುದ್ಧವಾದದ್ದು ಸಿದ್ಧವಾಗುವವರೆಗೆ ನಿಜವೆಂದು ಹಿಡಿಯುವುದು. ಮಾತುಕತೆಯಲ್ಲಿ ಈ ಭೇದ ಸಡಿಲ, ಕಾನೂನಿನಲ್ಲಿ ಬಿಗಿ. ಸಹಜವಾಗಿ ಸುದ್ದಿ ತಿಳಿಯಬೇಕಾಗಿದ್ದವರಿಗೇ ಏಳು ವರ್ಷ ಸುದ್ದಿಯಿಲ್ಲವಾದರೆ, ಆತ ಬದುಕಿದ್ದಾನೆನ್ನುವವರೇ ಅದನ್ನು ಸಾಧಿಸಬೇಕೆಂದು 1872ರ ಸಾಕ್ಷ್ಯ ಅಧಿನಿಯಮ ಹೇಳುತ್ತಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹಾಗೆಯೇ ಹೇಳುತ್ತದೆ.

ಆಕೆಯ ಅರ್ಜಿಯಲ್ಲಿ ಮೊದಲು ಎಂಟು ವರ್ಷಗಳ ಸಂಗತಿ, ಪೊಲೀಸರಿಗೆ ಕೊಟ್ಟ ದೂರು, ವಿಚಾರಿಸಿದ ಬಂಧುಗಳು, ಇವನ್ನು ಬರೆದು, ಆಮೇಲೆ ‘ಮೇ ಬಿ ಪ್ರಿಸ್ಯೂಮ್ಡ್ ಟು ಬಿ ಡೆಡ್’ ಎಂದು ಸೇರಿಸಿದೆವು. ಪದ ತಿದ್ದಿದ ಮಾತ್ರಕ್ಕೆ ಹಣ ಬಂದುಬಿಡಲಿಲ್ಲ. ನ್ಯಾಯಾಲಯದ ಡಿಕ್ರಿಯೂ ಬೇಕಾಯಿತು. ಆದರೆ ಈ ಸಲ ಅರ್ಜಿ ಹಿಂದಿರುಗಲಿಲ್ಲ.

ಇನ್ನು ಜೊತೆಯ ಸಣ್ಣ ಪದಗಳು. ನಾವು ‘ಊಹೆಯ ಮೇಲೆ’ ಎನ್ನುವಂತೆ ಇಂಗ್ಲಿಷರೂ ‘ಆನ್ ದಿ ಅಸಂಪ್ಷನ್ ದಟ್’ ಎನ್ನುತ್ತಾರೆ. ‘ಅಂಡರ್’ ಎಂದೂ ಬರೆಯುವವರಿದ್ದಾರೆ. ತಪ್ಪೆನ್ನಲಾರೆ, ಆದರೆ ಕಚೇರಿಯ ಬರಹಕ್ಕೆ ‘ಆನ್’ ನನಗೆ ಹಿತ. ‘ಅಂಡರ್’ ನಿಜವಾಗಿ ಒಪ್ಪುವುದು ‘ಇಂಪ್ರೆಷನ್’ ಪದಕ್ಕೆ. ಅಲ್ಲಿಯೂ ಎಚ್ಚರ ಬೇಕು. ‘ಐ ವಾಸ್ ಅಂಡರ್ ದಿ ಇಂಪ್ರೆಷನ್ ದಟ್’ ಎಂಬುದು ನಮ್ಮ ‘ಅಂದುಕೊಂಡಿದ್ದೆ’ಯ ಹಾಗೆ, ಅಂದುಕೊಂಡದ್ದು ಸುಳ್ಳಾಯಿತೆಂಬ ಸೂಚನೆ ಬಹುಮಟ್ಟಿಗೆ ಅದರಲ್ಲಿಯೇ ಅಡಗಿರುತ್ತದೆ. ಮೇಲಧಿಕಾರಿಗೆ ‘ಯು ಆರ್ ಅಂಡರ್ ದಿ ಇಂಪ್ರೆಷನ್’ ಎಂದು ಬರೆದರೆ, ತಾವು ತಪ್ಪು ತಿಳಿದಿದ್ದೀರಿ ಎಂದು ಅವರ ಮುಖಕ್ಕೇ ಹೇಳಿದಂತೆ.

‘ಪ್ರಿಸ್ಯೂಮ್’ ಪದಕ್ಕೆ ಸಲಿಗೆ ವಹಿಸುವುದು, ಅತಿಯಾಗಿ ವರ್ತಿಸುವುದು ಎಂಬ ಅರ್ಥವೂ ಉಂಟು. ‘ಐ ಪ್ರಿಸ್ಯೂಮ್ ಯು ಹ್ಯಾವ್ ರೆಡ್ ಮೈ ಲೆಟರ್’ ಎಂಬಲ್ಲಿ, ಓದಿಯೂ ಸುಮ್ಮನಿದ್ದೀರಲ್ಲಾ ಎಂಬ ಕೊಂಕು ಕೇಳಿಸಬಹುದು. ಉತ್ತರ ಬೇಕಾದವರು ‘ಐ ಹೋಪ್ ಮೈ ಲೆಟರ್ ಹ್ಯಾಸ್ ರೀಚ್ಡ್ ಯು’ ಎಂದು ಬರೆದರೆ ಸಾಕು.